ಆರವ ಅಂದ್ರೆ ಶಾಂತಿ ಅಲ್ಲ ಕಣೇ, ಸದ್ದು

ಹಲೋ… ರೆಕಾರ್ಡ್ ಆಗ್ತಾ ಇದ್ಯಾ? ಹಾಂ, ಆಗ್ತಾ ಇದೆ. ಬೆಳಗ್ಗೆಯಿಂದ ಗ್ರೂಪಲ್ಲಿ ಎಲ್ಲರೂ ಹಾಕಿದ್ದು ನೋಡ್ದೆ. ಟೈಪ್ ಮಾಡೋಕೆ ಕೂತ್ರೆ ನನಗೆ ಸಂಜೆ ಆಗೋಗತ್ತೆ, ಅದಕ್ಕೆ ಮಾತಲ್ಲೇ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಕೇಳಿಸ್ಕೊಳಿ.

ಸಿಂಧು, ನಾಮಕರಣದ ಕಾರ್ಡ್ ಲಕ್ಷಣವಾಗಿದೆ ಕಣೇ. ಆದ್ರೆ ಕೆಳಗಡೆ ‘ಆರವ್, ಅಂದರೆ ಶಾಂತಿ’ ಅಂತ ಹಾಕ್ಸಿದೀಯಲ್ಲ, ಆ ಒಂದು ಸಾಲು ತೆಗೆಸಿಬಿಡು. ಸಂಸ್ಕೃತ ಪಾಠ ಹೇಳಿ ರಿಟೈರ್ ಆದ ಸೋದರತ್ತೆ ನಾನು ಇದ್ದೂ ಆ ಕಾರ್ಡು ಊರಿಗೆಲ್ಲ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು ಹೇಳು?

ಆರವ ಅಂದ್ರೆ ಸದ್ದು. ಕೂಗು, ಗದ್ದಲ ಅಂತ್ಲೂ ಆಗತ್ತೆ. ‘ರು’ ಅಂತ ಒಂದು ಧಾತು, ಸದ್ದು ಮಾಡು ಅಂತ ಅರ್ಥ. ಅದರಿಂದ ರವ. ಹಕ್ಕಿಗಳ ಕಲರವ ಅಂತೀವಲ್ಲ, ಅದೇ. ನಿಮ್ಮಪ್ಪ ದಿನಾ ಪೂಜೇಲಿ ‘ಆಗಮಾರ್ಥಂ ತು ದೇವಾನಾಂ’ ಅಂತ ಶುರು ಮಾಡಿ, ‘ಘಂಟಾರವಂ’ ಅನ್ನೋಷ್ಟರಲ್ಲಿ ಗಂಟೆ ಆಡಿಸ್ತಾನಲ್ಲ, ಅಲ್ಲೂ ಅದೇ ರವ. ಮುಂದಕ್ಕೆ ‘ಆ’ ಉಪಸರ್ಗ ಬಂದ್ರೆ ಆರವ. ಮತ್ತೆ ಶಾಂತಿ ಎಲ್ಲಿಂದ ಬಂತು? ನನ್ನ ಊಹೆ ಇಷ್ಟು: ಯಾರೋ ಪುಣ್ಯಾತ್ಮರು ಅ-ರವ ಅಂತ ಬಿಡಿಸಿ, ಸದ್ದಿಲ್ಲದ್ದು, ಹಾಗಾಗಿ ಶಾಂತಿ ಅಂದ್ಕೊಂಡಿರ್ಬೇಕು. ಆದ್ರೆ ಅದು ಹ್ರಸ್ವ. ನೀವಿಟ್ಟಿರೋದು ದೀರ್ಘ. ಒಂದು ದೀರ್ಘಕ್ಕೆ ಅರ್ಥ ತಲೆಕೆಳಗಾಗೋಯ್ತು.

ಇನ್ನೊಂದು ಹೇಳ್ತೀನಿ, ನಿಮ್ಮತ್ತೆಯವರ ಮುಂದೆ ಮಾತ್ರ ಹೇಳ್ಬೇಡ. ರಾವಣ ಅನ್ನೋ ಹೆಸರಿಗೂ ಅದೇ ಧಾತು! ಕೈಲಾಸ ಎತ್ತೋಕೆ ಹೋಗಿ, ಶಿವ ಕಾಲಿನ ಹೆಬ್ಬೆರಳಲ್ಲಿ ಒತ್ತಿದಾಗ ಮೂರು ಲೋಕ ನಡುಗೋ ಹಾಗೆ ಕಿರುಚಿದ್ನಲ್ಲ, ಅದಕ್ಕೇ ಶಿವ ಆ ಹೆಸರು ಕೊಟ್ಟ ಅಂತ ರಾಮಾಯಣದ ಉತ್ತರಕಾಂಡದಲ್ಲಿದೆ. ನೀನು ನಿನ್ನೆ ಕಳಿಸಿದ ವಾಯ್ಸ್ ಮೆಸೇಜಲ್ಲಿ ಹಿಂದೆ ಮಗು ಅಳ್ತಿದ್ದದ್ದು ಕೇಳಿಸ್ಕೊಂಡೆ. ಹೆಸರು ಸರಿಯಾಗೇ ಇದೆ ಬಿಡು.

ಇನ್ನು ಅಣ್ಣ, ‘ಹಿಂದಿಯವರ ಹೆಸರು ನಮಗ್ಯಾಕೆ’ ಅಂದ್ಯಲ್ಲ. ಪದ ನಮಗೂ ಹಳೇದೇ. ಹೆಸರಾಗಿ ಓಡಾಡೋಕೆ ಶುರುವಾಗಿದ್ದು ಈಚೆಗೆ, ಅದು ನಿಜ. 2002ರಲ್ಲಿ ಅಕ್ಷಯ್ ಕುಮಾರ್, ಟ್ವಿಂಕಲ್ ಖನ್ನಾ ಅವರ ಮಗನಿಗೆ ಆರವ್ ಅಂತ ಇಟ್ರು. ಅದಕ್ಕೆ ಮುಂಚೆ ನನ್ನ ಹಾಜರಿ ಪುಸ್ತಕದಲ್ಲಿ ಒಬ್ಬನೇ ಒಬ್ಬ ಆರವ್ ಬಂದಿರ್ಲಿಲ್ಲ. ನಾನು ಬಿಡೋ ಹೊತ್ತಿಗೆ ಒಂದೇ ಕ್ಲಾಸಲ್ಲಿ ಇಬ್ರು, ಜೊತೆಗೆ ಒಬ್ಬ ಆರುಷ್, ಒಬ್ಬ ವಿಹಾನ್. ಇಂಗ್ಲಿಷಲ್ಲಿ ಎರಡು ಎ ಹಾಕ್ತಾರಲ್ಲ, ಹಾಜರೀಲಿ ಮೊದಲ ಹೆಸರೇ ಅವರದ್ದು. ನಮ್ಮ ಕಾಲದಲ್ಲಿ ಮನೆದೇವ್ರ ಹೆಸರು: ವೆಂಕಟೇಶ, ಮಂಜುನಾಥ, ನಂಜುಂಡ. ಹೆಸರು ಕೇಳಿದ್ರೆ ಒಕ್ಕಲು ಯಾವುದು ಅಂತ ಗೊತ್ತಾಗ್ತಿತ್ತು. ಆರವ್ ಅಂದ್ರೆ ಊರೂ ಗೊತ್ತಾಗಲ್ಲ, ದೇವರೂ ಗೊತ್ತಾಗಲ್ಲ. ಪುಣೇಲೂ ನಡೆಯತ್ತೆ, ನ್ಯೂಜೆರ್ಸಿಲೂ ನಡೆಯತ್ತೆ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಅನ್ನೋ ಸರ್ಕಾರಿ ಇಲಾಖೆಯವರು ವರ್ಷ ವರ್ಷ ಬಿಡೋ, ಹೆಚ್ಚು ಜನ ಇಟ್ಟ 1000 ಗಂಡು ಹೆಸರುಗಳ ಪಟ್ಟೀಲೂ ಬಂದಿದೆ. ಅದರಲ್ಲಿ ಸ್ಪೆಲಿಂಗ್ ಬೇರೆ ಆದ್ರೆ ಹೆಸರೇ ಬೇರೆ ಅಂತ ಲೆಕ್ಕ, ಒಂದು ಎ ಹಾಕಿದವರು ಇದರಲ್ಲಿ ಸೇರಲ್ಲ.

ಹಿಂದಿ ಅಂತ ಇರೋದು ಆ ಬಾಲ ಕತ್ತರಿಸಿರೋದ್ರಲ್ಲಿ ಮಾತ್ರ. ಅವರು ಕೊನೇ ಅಕಾರ ನುಂಗ್ತಾರೆ. ನಾವ್ಯಾಕೆ ನುಂಗ್ಬೇಕು? ಕೇಶವ, ಮಾಧವ, ರಾಘವ, ಆರವ. ಒಂದು ಗುರು, ಎರಡು ಲಘು, ಎಲ್ಲವೂ ಭಗಣ, ಎಷ್ಟು ಚೆನ್ನಾಗಿ ಕೂರತ್ತೆ ನೋಡು. ನಾಳೆ ಮಗು ಆಟಕ್ಕೆ ಹೋಗಿದ್ದಾಗ ಬಾಲ್ಕನೀಲಿ ನಿಂತು ‘ಆರವಾ…’ ಅಂತ ಎಳೆದು ಕರೀಬಹುದು. ‘ಆರವ್’ ಅಂದ್ರೆ ಬಾಯಿ ಅಲ್ಲೇ ಮುಚ್ಚೋಗತ್ತೆ, ಎಳೆಯೋಕೆ ಏನೂ ಇರಲ್ಲ.

ಹೆಸರು ಬದಲಾಯಿಸು ಅಂತ ನಾನು ಹೇಳ್ತಿಲ್ಲ, ಅಪ್ಪ ಅಮ್ಮ ಇಷ್ಟಪಟ್ಟಿದ್ದು. ಆದ್ರೆ ಬರ್ತ್ ಸರ್ಟಿಫಿಕೇಟಿಗೆ ಸ್ಪೆಲಿಂಗ್ ಕೊಡೋಕೆ ಅವಸರ ಮಾಡ್ಬೇಡ. ನೋಂದಣಿ ಆಗಿ 12 ತಿಂಗಳ ತನಕ ಹೆಸರು ಸೇರಿಸೋಕೆ ದುಡ್ಡು ಕೊಡ್ಬೇಕಿಲ್ಲ. ಒಂದು ಎ ನೋ ಎರಡು ಎ ನೋ, ಕೊನೇಲಿ ಎ ಬೇಕೋ ಬೇಡ್ವೋ, ಗಂಡ ಹೆಂಡ್ತಿ ಕೂತು ತೀರ್ಮಾನ ಮಾಡಿ ಒಂದೇ ಸಲ ಬರೆಸಿ. ಆಧಾರಲ್ಲೊಂದು, ಸ್ಕೂಲಲ್ಲೊಂದು ಅಂತಾಗಿ ಆಮೇಲೆ ಅಲೆಯೋ ಹಾಗೆ ಆಗ್ಬಾರ್ದು.

ಕಾರ್ಡಿಗೆ ಅರ್ಥ ಬೇಕೇ ಬೇಕು ಅಂದ್ರೆ ‘ಇಂಪಾದ ದನಿ’ ಅಂತ ಹಾಕ್ಸು. ಇಂಪು ನಾನು ಸೇರಿಸಿದ್ದು, ಅಷ್ಟು ಸುಳ್ಳು ನಡೆಯತ್ತೆ. ಪ್ರೆಸ್ಸಿನವರಿಗೆ ಇವತ್ತೇ ಫೋನ್ ಮಾಡು, ನಾಳೆ ಅಚ್ಚಾಗ್ಬಿಟ್ರೆ ಕಷ್ಟ. ಇಡ್ತೀನಿ, ಕುಕ್ಕರ್ ಕೂಗ್ತಿದೆ.