ಗುರುಮಠಕಲ್ ಬಸವನಹುಳು, ಶಹಾಬಾದ್ ಫರಸಿ: ವಯಸ್ಸು ಹೆಂಗ ತಿಳಿಯೋದು?

ಯಾದಗಿರಿ_ಮಾಸ್ತರ್:
ನಮಸ್ಕಾರ. ನನ್ನ ಹತ್ರ ಎರಡು ಕಲ್ಲು ಅವ. ಒಂದು ಶಹಾಬಾದ್ ಫರಸಿ, ಅದರ ಮ್ಯಾಲೆ ಜರೀಗಿಡದಂಥ ಕಪ್ಪು ಚಿತ್ತಾರ. ಇನ್ನೊಂದು ಗುರುಮಠಕಲ್ ಕಡೆಯದು, ಎರಡು ಕರಿಕಲ್ಲಿನ ಪದರದ ನಡುವಿನ ಬಿಳಿ ಗಟ್ಟಿ ಕಲ್ಲು, ಒಳಗ ಸಣ್ಣ ಬಸವನಹುಳದ ಚಿಪ್ಪು. ಕಾರ್ಬನ್ ಪರೀಕ್ಷೆ ಮಾಡಿಸಿದರೆ ವಯಸ್ಸು ತಿಳೀತದೇನ್ರಿ? ಶಾಲೆಯಲ್ಲಿ ಇಡುವಾಗ ಸರಿಯಾದ ಚೀಟಿ ಅಂಟಿಸಬೇಕು.

ಕರಿಕಲ್ಲು:
ಕಾರ್ಬನ್ ಬ್ಯಾಡ್ರಿ ಸರ್, ರೊಕ್ಕ ದಂಡ. ಕಾರ್ಬನ್-14 ಪ್ರತಿ 5,730 ವರ್ಷಕ್ಕೆ ಅರ್ಧ ಆಗುತ್ತದೆ; ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯುವಷ್ಟು ಉಳಿಯುವುದಿಲ್ಲ. ಲ್ಯಾಬಿನಿಂದ ಏನಾದರೂ ಸಂಖ್ಯೆ ಬಂದರೂ ಅದು ಆಮೇಲೆ ಸೇರಿಕೊಂಡ ಹೊಸ ಕಾರ್ಬನ್ನಿನದು.

ನಿಮ್ಮ ಬಿಳಿ ಕಲ್ಲು ಇಂಟರ್‌ಟ್ರಾಪಿಯನ್ ಪದರದ್ದು. ಒಂದು ಲಾವಾ ಹರಿದು ಆರಿದ ಮೇಲೆ, ಮುಂದಿನದು ಬರುವ ಮೊದಲು, ಕೆರೆ-ಹೊಂಡಗಳಲ್ಲಿ ಕೂತ ಕೆಸರು ಅದು. ಚಿಪ್ಪನ್ನು ಅಳೆಯುವುದಿಲ್ಲ. ಕೆಳಗಿನ ಬಸಾಲ್ಟ್ (ಲಾವಾ ಆರಿ ಆದ ಕರಿಕಲ್ಲು) ಮತ್ತು ಮೇಲಿನ ಬಸಾಲ್ಟಿನ ವಯಸ್ಸು ತೆಗೆದರೆ ಚಿಪ್ಪಿನ ವಯಸ್ಸು ಅವೆರಡರ ನಡುವೆ ಎಲ್ಲೋ ಇರುತ್ತದೆ. ದಖ್ಖನ್ ಲಾವಾದ ಬಹುಪಾಲು 6.6 ಕೋಟಿ ವರ್ಷದ ಆಸುಪಾಸಿನದು. ಆದರೆ ಮೇಲಿನ ಕರಿಕಲ್ಲು ಅಲ್ಲೇ ಆರಿದ ಹರಿವೋ, ದಿನ್ನೆಯಿಂದ ಉರುಳಿ ಬಂದ ಗುಂಡುಗಳೋ, ಅದನ್ನು ಮೊದಲು ನೋಡಿರಿ. ಹೆಚ್ಚು ಜನ ಮೋಸ ಹೋಗುವುದು ಇಲ್ಲೇ.

ಚಿಪ್ಪಿನ ಚೂಪು ತುದಿ ಮೇಲೆ ಮಾಡಿ, ಬಾಯಿ ನಿಮ್ಮ ಕಡೆ ಹಿಡಿಯಿರಿ. ಬಾಯಿ ಎಡಕ್ಕೆ ಬಂದರೆ ಫೈಸಾ ಎಂಬ ಸಿಹಿನೀರಿನ ಬಸವನಹುಳುಗಳ ಗುಂಪಿನದಿರಬಹುದು. ದಖ್ಖನ್ ಪದರಗಳಲ್ಲಿ ಅದು ಸಾಮಾನ್ಯ. ಬೇರೆ ಬಹುತೇಕ ಬಸವನಹುಳುಗಳ ಬಾಯಿ ಬಲಕ್ಕಿರುತ್ತದೆ.

ಭೀಮಾ_ಸುಣ್ಣಗಲ್ಲು:
ಫರಸಿಯ ಮೇಲಿನದು ಗಿಡವಲ್ಲ, ಡೆಂಡ್ರೈಟ್. ಪದರದ ಸಂದಿಯಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್. ಕಲ್ಲು ಚೆನ್ನಾಗಿ ತೊಳೆದು ಒಣಗಿಸಿ, ಔಷಧಿ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಹಾಕಿರಿ: ಕಪ್ಪು ಗೆರೆಯ ಮೇಲೆ ಗುಳ್ಳೆ ಏಳುತ್ತದೆ, ಪಕ್ಕದ ಬರೀ ಕಲ್ಲಿನ ಮೇಲೆ ಏಳುವುದಿಲ್ಲ. ಜರೀಗಿಡವಾಗಿದ್ದರೆ ನಡುದಂಟು, ಎಲೆಯ ನರ ಕಾಣಬೇಕಿತ್ತು.

ಶಹಾಬಾದ್ ಫರಸಿ ಅಂದರೆ ಭೀಮಾ ಸುಣ್ಣಗಲ್ಲು. ಅದು ಪ್ರೊಟೆರೋಜೋಯಿಕ್ (ಸುಮಾರು 250 ಕೋಟಿಯಿಂದ 54 ಕೋಟಿ ವರ್ಷ ಹಿಂದಿನ) ಕಾಲದ್ದು, ಆಗ ನೆಲದ ಮೇಲೆ ಜರೀಗಿಡ ಇರಲೇ ಇಲ್ಲ. ಅದಕ್ಕೆ ನಿಖರ ವಯಸ್ಸು ಹಚ್ಚುವುದು ಕಷ್ಟ. ಕೆಳಗಿನ ಮರಳುಗಲ್ಲಿನ ಜಿರ್ಕಾನ್ ಎಂಬ ಗಟ್ಟಿ ಖನಿಜದ ಹರಳಿನಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ನೋಡಿದರೆ ಬರುವುದು ಹರಳು ಹುಟ್ಟಿದ ಕಾಲ, ಮರಳು ಕೂತ ಕಾಲವಲ್ಲ. ಯಾದಗಿರಿಯ ಗ್ರಾನೈಟ್ ಸವೆದು ಬಂದ ಹರಳಾದರೆ ಸುಮಾರು 250 ಕೋಟಿ ವರ್ಷ ತೋರಿಸುತ್ತದೆ. ಅದಕ್ಕೇ ನೂರಕ್ಕೂ ಹೆಚ್ಚು ಹರಳು ಅಳೆದು ಎಲ್ಲಕ್ಕಿಂತ ಎಳೆಯ ಗುಂಪನ್ನು ಹಿಡಿಯುತ್ತಾರೆ. ಪದರ ಅದಕ್ಕಿಂತ ಹಳೆಯದಾಗಿರಲಾರದು ಎಂದಷ್ಟೇ ಹೇಳಬಹುದು.

ಯಾದಗಿರಿ_ಮಾಸ್ತರ್:
ಬಸಾಲ್ಟ್ ಕಳಿಸಬೇಕಾದರೆ ಎಷ್ಟು, ಎಂಥಾದ್ದು?

ಕರಿಕಲ್ಲು:
ಪ್ರತಿ ಹರಿವಿನಿಂದ 2-3 ಕೆಜಿ ಸಾಕು. ತುಕ್ಕು ಬಣ್ಣದ ಸಿಪ್ಪೆ ಹೋಗಿ ಒಳಗಿನ ನೀಲಿಗಪ್ಪು ಭಾಗ ಬರುವವರೆಗೆ ಸುತ್ತಿಗೆ ಹಾಕಿರಿ. ಬಿಳಿ ಕಾಳು ತುಂಬಿದ ತೂತುಗಲ್ಲು ಬೇಡ. ಆ ಜಿಯೋಲೈಟ್, ಕ್ಯಾಲ್ಸೈಟ್ ಲಾವಾ ಆರಿದ ಮೇಲೆ ಸೇರಿದ್ದು. ಬೀದರಿನ ಕೆಂಪು ಜಂಬಿಟ್ಟಿಗೆಯಂತೂ ನಡೆಯುವುದೇ ಇಲ್ಲ, ಅದರ ಪೊಟ್ಯಾಸಿಯಂ ಎಲ್ಲಾ ಮಳೆನೀರಿಗೆ ತೊಳೆದು ಹೋಗಿರುತ್ತದೆ.

ಕಲ್ಲಿನೊಳಗಿನ ಪೊಟ್ಯಾಸಿಯಂ-40ರ ಒಂದಂಶ ಕಾಲ ಕಳೆದಂತೆ ಆರ್ಗಾನ್-40 ಅನಿಲವಾಗುತ್ತದೆ; ವಯಸ್ಸು ಸಿಗುವುದು ಅದರಿಂದ. ಲ್ಯಾಬಿನಲ್ಲಿ ಪ್ಲ್ಯಾಜಿಯೋಕ್ಲೇಸ್ (ಬಸಾಲ್ಟಿನಲ್ಲಿರುವ ಒಂದು ಖನಿಜ) ಹರಳು ಬೇರೆ ಮಾಡಿ, ವಯಸ್ಸು ಗೊತ್ತಿರುವ ಮಾದರಿ ಹರಳಿನ ಜೊತೆ ರಿಯಾಕ್ಟರಿನಲ್ಲಿಡುತ್ತಾರೆ. ನ್ಯೂಟ್ರಾನ್ ತಾಗಿ ಪೊಟ್ಯಾಸಿಯಂ-39ರ ಒಂದಂಶ ಆರ್ಗಾನ್-39 ಆಗುತ್ತದೆ. ಆಮೇಲೆ ಹಂತಹಂತವಾಗಿ ಕಾಯಿಸಿ, ಹೊರಬರುವ ಆರ್ಗಾನ್-40ಕ್ಕೂ ಆರ್ಗಾನ್-39ಕ್ಕೂ ಇರುವ ಅನುಪಾತ ನೋಡುತ್ತಾರೆ. ಸತತ 3 ಅಥವಾ ಹೆಚ್ಚು ಹಂತ, ಒಟ್ಟು ಆರ್ಗಾನ್-39ರಲ್ಲಿ ಅರ್ಧಕ್ಕಿಂತ ಹೆಚ್ಚು, ಒಂದೇ ವಯಸ್ಸು ಕೊಟ್ಟರೆ ನಂಬಬಹುದು. ಕಡಿಮೆ ಶಾಖದ ಹಂತದಲ್ಲೇ ವಯಸ್ಸು ಕಡಿಮೆ ಬಂದರೆ ಆರ್ಗಾನ್ ಸೋರಿರುವ ಸಾಧ್ಯತೆ ಹೆಚ್ಚು. ಮೇಲಿನ, ಕೆಳಗಿನ ಹರಿವಿನ ವಯಸ್ಸಿನ ಪ್ಲಸ್-ಮೈನಸ್ (ಅಳತೆಯ ಅನಿಶ್ಚಿತತೆ) ಒಂದರ ಮೇಲೊಂದು ಬಿದ್ದರೆ ಇದರಿಂದ ಬಿಡಿಸಲಾಗದು; ಆಗ ಕಲ್ಲಿನ ಕಾಂತದಿಕ್ಕನ್ನೂ (ಲಾವಾ ಆರುವಾಗ ಅದರಲ್ಲಿ ಉಳಿದ ಭೂಮಿಯ ಕಾಂತಕ್ಷೇತ್ರದ ದಿಕ್ಕು) ನೋಡಬೇಕು.

ಹುಣಸಗಿ_ಕಣಿವೆ:
ಇನ್ನೊಂದು ಮಾತು. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸಿಕ್ಕ ಆದಿಮಾನವರ ಕಲ್ಲಿನ ಕೈಗೊಡಲಿಗಳು ಇದೇ ಭೀಮಾ ಸುಣ್ಣಗಲ್ಲಿನವು. ಕಲ್ಲು ಕೋಟಿಗಟ್ಟಲೆ ವರ್ಷದ್ದು, ಕೊಡಲಿ ಮಾಡಿದ ಕಾಲ ಬೇರೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮೇಲೆ ಇಎಸ್‌ಆರ್ (ವಿಕಿರಣದಿಂದ ಅದರಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್ ಅಳೆಯುವ) ವಿಧಾನದಿಂದ ಅದನ್ನು ಸುಮಾರು 12 ಲಕ್ಷ ವರ್ಷ ಎಂದು ಅಂದಾಜು ಮಾಡಿದ್ದಾರೆ. ಚೀಟಿಯಲ್ಲಿ ಯಾವುದರ ವಯಸ್ಸು ಅನ್ನೋದನ್ನ ಬಿಡಿಸಿ ಬರೀರಿ.

ಬಸವನಹುಳಕ್ಕೆ ಇಷ್ಟು ಸಾಕು: “ದಖ್ಖನ್ ಲಾವಾ ಪದರಗಳ ನಡುವಿನದು, ಸುಮಾರು 6.6 ಕೋಟಿ ವರ್ಷ, ಪದರದ ಸ್ಥಾನದಿಂದ ಅಂದಾಜು.” ಕೆಳಗೆ ಊರು, ಮೊಬೈಲಿನ ಜಿಪಿಎಸ್ ಅಂಕಿ, ಕೆಳಗಿನ ಬಸಾಲ್ಟಿನಿಂದ ಎಷ್ಟು ಸೆಂಟಿಮೀಟರ್ ಮೇಲೆ ಸಿಕ್ಕಿತು ಅನ್ನೋದನ್ನೂ ಬರೀರಿ.