ಜೆನಿಸಿಸ್ ನೋಡಿ ಬೇಜಾರಾದ ಮಗನಿಗೆ ಹಳೇ ಟರ್ಮಿನೇಟರ್ ಹೇಗೆ ತೋರಿಸ್ಲಿ?

ಹಳೇಕ್ಯಾಸೆಟ್:
ಭಾನುವಾರ ಮಗ (ಈಗ ಹದಿನೈದು) ಟರ್ಮಿನೇಟರ್ ಹಾಕಪ್ಪ ಅಂದ. ನಾನು ಸೋಮಾರಿ, ಪಟ್ಟಿಯಲ್ಲಿ ಮೇಲೆ ಕಂಡಿದ್ದನ್ನೇ ಒತ್ತಿದೆ. 2015ರ 'ಜೆನಿಸಿಸ್'. ಬಂದ ಹೊಸದರಲ್ಲಿ ಥಿಯೇಟರಿಂದ ಬೈಕೊಂಡೇ ಆಚೆ ಬಂದಿದ್ದೆ, ಮರೆತಿತ್ತು.

ಶುರುವಿನಲ್ಲಿ ಮತ್ತೆ ಮೋಸ ಹೋದೆ. 1984ರ ಪಿಕ್ಚರಿನ ಗ್ರಿಫಿತ್ ಅಬ್ಸರ್ವೇಟರಿ ಸೀನನ್ನ ಹಾಗ್ಹಾಗೇ ಕಟ್ಟಿದಾರೆ. ಕಂಪ್ಯೂಟರಲ್ಲಿ ಹುಟ್ಟಿಸಿದ ಹರೆಯದ ಆರ್ನಾಲ್ಡ್‌ಗೂ ತಲೆ ನರೆತ ಆರ್ನಾಲ್ಡ್‌ಗೂ ಜಟಾಪಟಿ. ಶಿಳ್ಳೆ ಹೊಡೀಬೇಕು ಅನ್ಸುತ್ತೆ. ಆಮೇಲೆ ಕಥೆ 2017ಕ್ಕೆ ಜಿಗಿಯುತ್ತೆ, ಅಲ್ಲಿಗೆ ಟುಸ್. ಮನುಷ್ಯರನ್ನ ಅಳಿಸೋಕೆ ಹೊರಟ ಕಂಪ್ಯೂಟರ್ ಸ್ಕೈನೆಟ್ ಇಲ್ಲಿ ಫೋನಿಗೆ ಬರೋ ಹೊಸ ಸಾಫ್ಟ್‌ವೇರ್. ಜಗತ್ತನ್ನ ಕಾಯಬೇಕಾದ ಜಾನ್ ಕಾನರ್ರೇ ಯಂತ್ರ. ಒಂದನೇದ್ರಲ್ಲಿ ಕೊಲ್ಲೋ ಯಂತ್ರ ಆಗಿದ್ದ ಆರ್ನಾಲ್ಡ್ ಇಲ್ಲಿ 'ಪಾಪ್ಸ್' (ಅಪ್ಪ) ಅನ್ನಿಸ್ಕೊಂಡು ಹಲ್ಲು ಕಿರೀತಾ ನಿಂತಿರ್ತಾನೆ.

ಮಗ ಕೇಳಿದ: "ಇದ್ರಲ್ಲಿ ಯಾರನ್ನ ನೋಡಿ ಹೆದರ್ಕೋಬೇಕು?" ನನ್ಹತ್ರ ಉತ್ತರ ಇರ್ಲಿಲ್ಲ. ಈಗ ಹಳೇವು ಹಿಡಿಸ್ತಾವಾ? ಒಂದನೇದ್ರಿಂದ ಶುರು ಮಾಡ್ಲಾ, ಸೀದಾ ಎರಡಕ್ಕೆ ಹೋಗ್ಲಾ?

ಗಾಂಧಿಕ್ಲಾಸ್:
ಒಂದನೇದೇ ಹಾಕಿ ಸರ್. 64 ಲಕ್ಷ ಡಾಲರಲ್ಲಿ ಮುಗಿಸಿದ ಪಿಕ್ಚರ್ ಅದು, ಜೆನಿಸಿಸ್‌ಗೆ 15 ಕೋಟಿ ಮೇಲೆ ಸುರಿದ್ರು. ಜಾನ್ ತಾಯಿ ಸಾರಾನ ಕಾಪಾಡೋಕೆ ಭವಿಷ್ಯದಿಂದ ಬರೋ ಸೈನಿಕ, ಮೈಕೆಲ್ ಬೀನ್ ಮಾಡಿದ ಕೈಲ್ ರೀಸ್‌ನ ನೋಡಿ, ವಾರದಿಂದ ನಿದ್ದೆಗೆಟ್ಟವನ ಹಾಗಿದಾನೆ, ಸದ್ದಾದ್ರೆ ಬೆಚ್ಚಿಬೀಳ್ತಾನೆ. ಜೆನಿಸಿಸ್‌ನ ರೀಸ್ ಸೀದಾ ಜಿಮ್ಮಿಂದ ಬಂದವನು. ಮೋಟೆಲ್ ಸೀನ್ ಬಂದಾಗ ಮಾತ್ರ ಮಗನ್ನ ನೀರು ತರೋಕೆ ಕಳಿಸಿ 😄

ಮಧ್ಯಂತರ:
ಎಲ್ಲಾ ಟ್ರೇಲರ್ ಮಾಡಿದ ಅನಾಹುತ. ಜಾನ್ ಯಂತ್ರ ಅನ್ನೋದನ್ನ ಮೊದಲೇ ತೋರಿಸಿಬಿಟ್ರು. 44 ಕೋಟಿ ಡಾಲರ್ ಬಂದ್ರೂ ಅಂದ್ಕೊಂಡಿದ್ದ ಮುಂದಿನ ಎರಡು ಭಾಗ ಬರಲೇ ಇಲ್ಲ.

ಹಳೇಕ್ಯಾಸೆಟ್:
ಟ್ರೇಲರ್ ಮಾತು ನಾನು ಒಪ್ಪಲ್ಲ ಗುರೂ. 1991ರ ಎರಡನೇ ಭಾಗಕ್ಕೂ ಆರ್ನಾಲ್ಡ್ ಈ ಸಲ ಒಳ್ಳೆಯವನು ಅಂತ ಟ್ರೇಲರಲ್ಲೇ ಬಿಟ್ಟುಕೊಟ್ಟಿದ್ರು. ಏನ್ ಕೆಟ್ಟೋಯ್ತು? ಹುಚ್ಚಾಸ್ಪತ್ರೆ ಲಿಫ್ಟ್ ಬಾಗಿಲು ತೆಗೆಯುತ್ತಲ್ಲ, ಆರ್ನಾಲ್ಡ್ ಆಚೆ ಬರ್ತಾನೆ, ಸಾರಾ ಕಾಲು ಜಾರಿ ಹಿಂದಕ್ಕೆ ಬೀಳ್ತಾಳೆ. ಅವನು ಕಾಪಾಡೋಕೆ ಬಂದಿದಾನೆ ಅಂತ ನಮಗ್ಗೊತ್ತು, ಅವಳಿಗೆ ಗೊತ್ತಿಲ್ಲ. ಕ್ಯಾಸೆಟ್ ತಂದು ನೋಡಿದ ಆ ಕಾಲದಿಂದ ಇವತ್ತಿನವರೆಗೂ ಅಲ್ಲಿ ನನ್ನ ಹೊಟ್ಟೆ ಚಳಕ್ ಅನ್ನುತ್ತೆ. ಜೆನಿಸಿಸ್ ಸಾರಾನ ಒಂಬತ್ತನೇ ವಯಸ್ಸಿಂದ ಸಾಕಿದ್ದೇ ಆ ಯಂತ್ರ. ಅವಳೇ ಹೆದರಲ್ಲ ಅಂದ್ಮೇಲೆ ನಾವ್ಯಾಕೆ ಹೆದರಬೇಕು?

ಮಧ್ಯಂತರ:
ಇದು ಹೊಳೆದಿರ್ಲಿಲ್ಲ. ಆದ್ರೂ ಟ್ರೇಲರ್ ಕಟ್ ಮಾಡಿದವನ್ನ ನಾನು ಕ್ಷಮಿಸಲ್ಲ.

ಹಳೇಕ್ಯಾಸೆಟ್:
ನಿನ್ನೆ ರಾತ್ರಿ ಒಂದನೇದು ಹಾಕಿದೆ. ಮೋಟೆಲ್ ಹೊತ್ತಿಗೆ ನೀರಿನ ಬಾಟ್ಲು ತುಂಬೇ ಇತ್ತು, ನಾನೇ ಎದ್ದು ಅಡಿಗೆಮನೆಗೆ ಹೋದೆ. ಟ್ಯಾಂಕರ್ ಬೆಂಕಿಯಿಂದ ಆ ಕಬ್ಬಿಣದ ಅಸ್ಥಿಪಂಜರ ಎದ್ದು ಕುಂಟಿದಾಗ ಮಗ "ಗೊಂಬೆ ಥರ ಇದೆ" ಅಂತ ನಕ್ಕ. ಅದೇ ಗೊಂಬೆ ಸೊಂಟದಿಂದ ಕೆಳಗೆ ಇಲ್ಲದೆ ಸಾರಾ ಹಿಂದೆ ತೆವಳ್ಕೊಂಡು ಬಂದಾಗ ಮಾತಿಲ್ಲ, ಎರಡೂ ಕಾಲು ಎತ್ತಿ ಸೋಫಾ ಮೇಲಿಟ್ಕೊಂಡ.

ಶನಿವಾರ ಎರಡನೇದು.