ಎಸಿಯಲ್ಲಿ ಬೂಷ್ಟು, ಮಗನಿಗೆ ಕೆಮ್ಮು: ತೊಳೆಸುವುದೋ, ತೆಗೆಸುವುದೋ?

ಸಪ್ತಾಪುರ, ಧಾರವಾಡ:
ಮಳೆಗಾಲವಿಡೀ ಮುಚ್ಚಿಟ್ಟಿದ್ದ ಎಸಿಯನ್ನು ಅಕ್ಟೋಬರ್ ಸೆಕೆಗೆ ಹಚ್ಚಿದೆವು. ಒದ್ದೆ ಗೋಣಿಚೀಲದ ವಾಸನೆ. ನಾಲ್ಕು ವರ್ಷದ ಮಗನಿಗೆ ಬೆಳಗಿನ ಜಾವ ಕೆಮ್ಮು. ಫಿಲ್ಟರ್ ತೊಳೆದರೂ ಹೋಗಿಲ್ಲ. ಅನುಭವ ಇದ್ದವರು ಹೇಳಿ.

ಕೇಶ್ವಾಪುರ, ಹುಬ್ಬಳ್ಳಿ:
ಫಿಲ್ಟರ್ ತೊಳೆದು ತೊಳೆದೇ ನಾನು ಎರಡು ವರ್ಷ ಮೋಸ ಹೋದೆ. ಗಾಳಿ ಬರುವ ಸಂದಿಗೆ ಟಾರ್ಚ್ ಬಿಟ್ಟು ನೋಡಿದರೆ ಬ್ಲೋವರ್ ಎಸಳುಗಳ ಮೇಲೆ ಗುರೆಳ್ಳು ಪುಡಿ ಉದುರಿಸಿದಂತೆ ಕಪ್ಪು. ಮೊದಲು ಬಂದ ಹುಡುಗ ₹500 ಎಣಿಸಿಕೊಂಡು, ಫಿಲ್ಟರ್ ಝಾಡಿಸಿ ಹೋದ. ಎರಡನೆಯವನು ₹1,400ಕ್ಕೆ ನೀರಿನ ಪಂಪ್ ಹಚ್ಚಿ ತೊಳೆದ. ಬಕೆಟ್ಟಿಗೆ ಇಳಿದ ನೀರು ಕಾಡಿಗೆಯಂತಿತ್ತು. ಆದರೆ ಪುಣ್ಯಾತ್ಮ ಎಸಿಯೊಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಕಟ್ಟಲಿಲ್ಲ. ಮರುದಿನ ಎಸಿ ಉಸಿರೆತ್ತಲಿಲ್ಲ. ಹೊಸ ಬೋರ್ಡು ₹4,200, ಅದು ಬರುವುದಕ್ಕೆ ಹನ್ನೊಂದು ದಿನ. ಒಟ್ಟು ₹6,100, ರಸೀದಿಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಮಗಳ ಸೀನು ನಿಂತಿತು ಎಂದು ಸುಮ್ಮನಾದೆ. ಈಗ ತಂಪು ಬಂದ್ ಮಾಡಿದ ಮೇಲೆ ಇಪ್ಪತ್ತು ನಿಮಿಷ ಬರೀ ಫ್ಯಾನ್ ಓಡಿಸಿ ಒಳಗಿನ ಕಾಯಿಲ್ ಒಣಗಿಸುತ್ತೇನೆ.

ಗೋಕುಲ ರಸ್ತೆ, ಹುಬ್ಬಳ್ಳಿ:
ನನ್ನ ಮಗನಿಗೂ ಕೆಮ್ಮು ಇತ್ತು. ₹36,500ಕ್ಕೆ ತಂದ ಎಸಿಯನ್ನು ₹9,000ಕ್ಕೆ ಮಾರಿದೆ, ಕಿಟಕಿ ತೆರೆದೆ. ಧಾರವಾಡದವರಿಗಂತೂ ಎಸಿ ಏತಕ್ಕೆ? ಸಂಜೆಗೆ ಲೋಬಾನದ ಧೂಪ ಹಾಕಿ, ಬೂಷ್ಟು ಹತ್ತಿರ ಸುಳಿಯುವುದಿಲ್ಲ.

ಗದಗ:
ಕೆಮ್ಮುವ ಕೂಸಿಗೆ ಹೊಗೆ ಕುಡಿಸಲು ಹೇಳುತ್ತಿದ್ದೀರಲ್ಲ, ಸರ್! ನಮ್ಮ ಮನೆಯಲ್ಲೂ ವರ್ಷಪೂರ್ತಿ ಎಸಿಯನ್ನೇ ಬೈದೆವು. ನೀರು ಹೋಗುವ ಪೈಪಿನ ಇಳಿಜಾರು ಉಲ್ಟಾ ಇತ್ತು, ಟ್ರೇಯಲ್ಲಿ ಲೋಳೆ ಕಟ್ಟಿತ್ತು, ನಿಜ. ಸರಿಮಾಡಿಸಿದೆವು, ವಾಸನೆ ಹೋಯಿತು, ಕೆಮ್ಮು ಹೋಗಲಿಲ್ಲ. ಮಗನಿಗೆ ಇದ್ದದ್ದು ದಮ್ಮು. ಬೂಷ್ಟು ಅದನ್ನು ಕೆಣಕುತ್ತಿತ್ತು, ಅಷ್ಟೇ. ಡಾಕ್ಟರು ಇನ್ಹೇಲರ್, ಅದಕ್ಕೆ ಹಚ್ಚುವ ಸ್ಪೇಸರ್ ಕೊಳವೆ ಬರೆದುಕೊಟ್ಟರು. ‘ಇನ್ಹೇಲರ್ ಚಟವಾಗುತ್ತದೆ’ ಎಂದು ನಮ್ಮ ಅತ್ತೆ ಅದನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟರು. ಒಂದು ರಾತ್ರಿ ಎರಡು ಗಂಟೆಗೆ ಮಗನ ಪಕ್ಕೆ ಒಳಗೆ ಸೆಳೆಯಲಾರಂಭಿಸಿತು. ಆಟೋ ಸಿಗಲಿಲ್ಲ, ಪಕ್ಕದ ಮನೆಯವರ ಟಾಟಾ ಏಸ್‌ನಲ್ಲಿ ಆಸ್ಪತ್ರೆಗೆ ಹೋದೆವು. ಎರಡು ದಿನಕ್ಕೆ ₹11,300. ಚಟವಂತೆ, ಚಟ!

ಗೋಕುಲ ರಸ್ತೆ:
ಮೇಡಂ, ನಮ್ಮ ಅಜ್ಜಿ ಧೂಪದಲ್ಲೇ ಎಂಟು ಮಕ್ಕಳನ್ನು ಬೆಳೆಸಿದರು.

ಕೇಶ್ವಾಪುರ:
ಎಸಿ ಮಾರಿದ ಮೇಲೆ ನಿಮ್ಮ ಮಗನ ಕೆಮ್ಮು ನಿಂತಿತೇ? ಅದನ್ನು ಮಾತ್ರ ಹೇಳಲಿಲ್ಲ.

ಗೋಕುಲ ರಸ್ತೆ:
ಅದು ರಸ್ತೆಯ ಧೂಳಿನ ಕೆಮ್ಮು. ಬೇರೆ ವಿಷಯ.

ಮಾಳಮಡ್ಡಿ, ಧಾರವಾಡ:
ಹುಬ್ಬಳ್ಳಿ ಧೂಳಿಗೆ ಕಿಟಕಿ ತೆರೆದು ಕೂತವರು ನಮಗೆ ಗಾಳಿಯ ಪಾಠ ಹೇಳುತ್ತಿದ್ದಾರೆ. ನಮ್ಮ ಮಳೆಗೆ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಎಸಿ ಯಾವ ಲೆಕ್ಕ? ನಮ್ಮ ಮನೆಯಲ್ಲಿ ಎಸಿಯ ಹಿಂದಿನ ಗೋಡೆಯೇ ಒಸರುತ್ತಿತ್ತು. ಟೆರೇಸಿಗೆ ವಾಟರ್‌ಪ್ರೂಫಿಂಗ್ ₹28,000. ಮಾಡಿದವನು ಎರಡನೇ ಮಳೆಗೆ ಫೋನ್ ಎತ್ತುವುದನ್ನು ಬಿಟ್ಟ.

ಗೋಕುಲ ರಸ್ತೆ:
ಅಷ್ಟು ದುಡ್ಡಿಗೆ ನಮ್ಮೂರಲ್ಲಿ ಇಡೀ ಟೆರೇಸಿಗೆ ಫರಸಿ ಹಾಕಿಸಬಹುದಿತ್ತು.

ಮಾಳಮಡ್ಡಿ:
ಹಾಗಾದರೆ ಒಬ್ಬ ಗೌಂಡಿಯನ್ನು ಕಳುಹಿಸಿಕೊಡಿ, ನೋಡೋಣ.

ಸಪ್ತಾಪುರ, ಧಾರವಾಡ:
ಟಾರ್ಚ್ ಬಿಟ್ಟು ನೋಡಿದೆ. ಗುರೆಳ್ಳು ಪುಡಿಯೇ. ಎಸಿ ಬಂದ್ ಮಾಡಿದ್ದೇನೆ. ನಾಳೆ ಮೊದಲು ಮಕ್ಕಳ ಡಾಕ್ಟರು, ಆಮೇಲೆ ಪಂಪಿನವರು. ಕೇಶ್ವಾಪುರದ ಅಕ್ಕ, ಬೋರ್ಡು ಇರುವುದು ಎಡಕ್ಕೋ, ಬಲಕ್ಕೋ?

ಕೇಶ್ವಾಪುರ:
ನಮ್ಮದರಲ್ಲಿ ಬಲಕ್ಕಿತ್ತು. ಪ್ಲಾಸ್ಟಿಕ್ ಕಟ್ಟುವ ತನಕ ಪಂಪ್ ಚಾಲೂ ಮಾಡಲು ಬಿಡಬೇಡಿ.